ಎಷ್ಟರಲ್ಲಿ ಎಷ್ಟು?

2025ರ ಜುಲೈ ತಿಂಗಳ ಮೊದಲ ವಾರ. ಬೆಳಗಿನ ಜಾವ ಅರಸೀಕೆರೆಯಿಂದ ದೊಡ್ಡಮ್ಮನ ಫೋನ್ ಬಂತು. 'ಏನ್ ಮಗಾ, ನಮ್ ಜಿಲ್ಲೇಲಿ ಕಂಡಕಂಡೋರಿಗೆಲ್ಲ ಹಾರ್ಟ್ ಅಟ್ಯಾಕ್ ಆಗ್ತೈತಂತೆ. ರಾತ್ರಿಯೆಲ್ಲ ಕಣ್ಣಿಗೆ ನಿದ್ದೆ ಹತ್ತಲಿಲ್ಲ. ಎಡಗೈ ಬೇರೆ ಸೆಳೀತೈತೆ. ಇವ್ನು ಮೈಸೂರಿಗೆ ಹೋಗಿ ತೋರ್ಸ್ಕೊಂಡ್ ಬರಾಣ ಅಂತಾನೆ. ಹೋಗ್ಲಾ?'

ಹೋಗಿ ಬಾ ಅಂದೆ. ಬಿ.ಪಿ. ಇರುವ ಅರವತ್ತೆಂಟು ವರ್ಷದ ಹೆಂಗಸಿಗೆ ಎಡಗೈ ಸೆಳೆಯುತ್ತದೆ ಎಂದರೆ ಬೇಡ ಅನ್ನುವುದು ಹೇಗೆ? ಅಣ್ಣ ಅವಳನ್ನು ಕರೆದುಕೊಂಡು ಹೋದ. ಹೃದ್ರೋಗ ಆಸ್ಪತ್ರೆಯ ಮುಂದೆ ಬೆಳಿಗ್ಗೆಯೇ ಜಾತ್ರೆಯಂತೆ ಜನ. ಇಪ್ಪತ್ತೈದು ಮೂವತ್ತರ ಹುಡುಗರು, ಮಗುವನ್ನು ಎತ್ತಿಕೊಂಡ ತಾಯಂದಿರು. ಮಧ್ಯಾಹ್ನದ ಹೊತ್ತಿಗೆ ದೊಡ್ಡಮ್ಮನ ಇ.ಸಿ.ಜಿ. ಆಯಿತು. ಹೃದಯ ಚೆನ್ನಾಗಿತ್ತು. ಹಿಂದಿನ ದಿನ ನಲ್ಲಿ ನೀರು ಬಂದಾಗ ಹತ್ತು ಬಿಂದಿಗೆ ಹೊತ್ತಿದ್ದಳು, ಕೈ ಸೆಳೆತ ಅದರದು. ಆದರೆ ಆ ದಿನ ಅದೇ ಸಾಲಿನಲ್ಲಿ ನಿಜವಾಗಿ ಎದೆನೋವು ಇದ್ದವರೂ ಇದ್ದರು. ಗಾಬರಿಯಿಂದ ಬಂದವರ ಹಿಂದೆ ಅವರೂ ಕಾಯಬೇಕಾಯಿತು. ನನಗೆ ಅದು ಇಂದಿಗೂ ನೋವಿನ ವಿಷಯ.

ಆ ದಿನಗಳು ಹಾಸನದವರಿಗೆ ಮರೆಯುವಂಥವಲ್ಲ. ಸುಮಾರು 40 ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರು ಎಂಬ ಸುದ್ದಿ ಹಬ್ಬಿತ್ತು. ಟಿ.ವಿ. ಪರದೆಯ ಮೇಲೆ ದಿನದಿನವೂ ಅಂಕಿ ಏರುತ್ತಿತ್ತು. ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತೆರಡು. ತೀರಿಕೊಂಡವರಲ್ಲಿ ಎಳೆಯ ವಯಸ್ಸಿನವರಿದ್ದರು. ಅವರ ಫೋಟೊಗಳನ್ನು ನೋಡಿದವರಿಗೆ ಕರುಳು ಕಿವುಚಿದಂತಾಗುತ್ತಿತ್ತು. ಪರದೆಯ ಮೇಲೆ ಎಲ್ಲವೂ ಇತ್ತು, ಒಂದೇ ಒಂದು ಅಂಕಿ ಇರಲಿಲ್ಲ: ಎಷ್ಟು ಜನರಲ್ಲಿ?

ಆ ಲೆಕ್ಕವನ್ನು ಒಂದು ಲಕೋಟೆಯ ಹಿಂಬದಿಯಲ್ಲಿ ಮಾಡಬಹುದು. 2011ರ ಜನಗಣತಿಯ ಪ್ರಕಾರ ಹಾಸನ ಜಿಲ್ಲೆಯ ಜನಸಂಖ್ಯೆ 17.76 ಲಕ್ಷ. ನಮ್ಮ ರಾಜ್ಯದಲ್ಲಿ ವರ್ಷಕ್ಕೆ ಸಾವಿರ ಜನರಿಗೆ ಆರರ ಆಸುಪಾಸಿನಲ್ಲಿ ಸಾವುಗಳು ಸಂಭವಿಸುತ್ತವೆ. ಅಂದರೆ ಹಾಸನ ಜಿಲ್ಲೆಯೊಂದರಲ್ಲೇ, ಯಾವ ವಿಶೇಷ ಕಾಯಿಲೆಯೂ ಇಲ್ಲದ ಮಾಮೂಲಿ ವರ್ಷದಲ್ಲಿ, ಹತ್ತು ಸಾವಿರಕ್ಕೂ ಹೆಚ್ಚು ಜನ ತೀರಿಕೊಳ್ಳುತ್ತಾರೆ. ದಿನಕ್ಕೆ ಇಪ್ಪತ್ತೊಂಬತ್ತು ಮಂದಿ. 40 ದಿನಕ್ಕೆ ಸುಮಾರು 1,170. ಭಾರತದಲ್ಲಿ ನಾಲ್ಕು ಸಾವಿನಲ್ಲಿ ಒಂದಕ್ಕಿಂತ ಸ್ವಲ್ಪ ಹೆಚ್ಚು ಸಾವಿಗೆ ಹೃದಯ ಮತ್ತು ರಕ್ತನಾಳದ ಕಾಯಿಲೆಗಳೇ ಕಾರಣ. ಹಾಗೆ ನೋಡಿದರೆ ಯಾವುದೇ 40 ದಿನಗಳಲ್ಲಿ ಆ ಜಿಲ್ಲೆಯಲ್ಲಿ ಇಂಥ ಸಾವುಗಳು ಮುನ್ನೂರರ ಹತ್ತಿರ ಇರುತ್ತವೆ. ಹಿಂದಿನ ವರ್ಷವೂ ಇದ್ದವು, ಅದರ ಹಿಂದಿನ ವರ್ಷವೂ ಇದ್ದವು. ಅವುಗಳಲ್ಲಿ ಇಪ್ಪತ್ತು ಚಿಲ್ಲರೆ ಆ ಜೂನ್‌ನಲ್ಲಿ ಕ್ಯಾಮೆರಾ ಕಣ್ಣಿಗೆ ಬಿದ್ದವು.

ಇಷ್ಟು ಹೇಳಿ ಕೈತೊಳೆದುಕೊಂಡರೆ ಸತ್ತವರಿಗೆ ಅನ್ಯಾಯ ಮಾಡಿದಂತೆ. ಮುನ್ನೂರರಲ್ಲಿ ಬಹುಪಾಲು ವಯಸ್ಸಾದವರು, ಟಿ.ವಿ.ಯಲ್ಲಿ ಬಂದವರಲ್ಲಿ ಹರೆಯದವರಿದ್ದರು ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ಸರಿಯಾದದ್ದೇ. ಅದಕ್ಕೆ ಉತ್ತರ ಬೇಕೆಂದರೆ ಹಿಂದಿನ ವರ್ಷಗಳ ಇದೇ ತಿಂಗಳುಗಳಲ್ಲಿ ನಲವತ್ತೈದರ ಒಳಗಿನವರು ಎಷ್ಟು ಮಂದಿ ಹೀಗೆ ತೀರಿಕೊಂಡಿದ್ದರು ಎಂದು ಗೊತ್ತಿರಬೇಕು. ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಸಮಿತಿ ಒಂದೊಂದು ಸಾವನ್ನೂ ಪರಿಶೀಲಿಸಿತು. ಪಟ್ಟಿಯಲ್ಲಿದ್ದ ಕೆಲವು ಸಾವುಗಳಿಗೆ ಕಾರಣ ಹೃದಯವೇ ಆಗಿರಲಿಲ್ಲ. ಒಟ್ಟಾರೆ ಅಸಹಜ ಏರಿಕೆ ಕಂಡಿಲ್ಲ ಎಂಬುದು ಸಮಿತಿಯ ಅಭಿಪ್ರಾಯವಾಗಿತ್ತು. ಆಮೇಲೆ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಇಂಥ ಹಠಾತ್ ಸಾವುಗಳನ್ನು ವರದಿ ಮಾಡುವುದು ಕಡ್ಡಾಯವಾಗಲಿದೆ ಎಂದರು. ಅಲ್ಲಿಯವರೆಗೆ ಅಂಥ ಕಡ್ಡಾಯ ಎಣಿಕೆ ಇರಲಿಲ್ಲ ಎಂಬುದನ್ನು ಈ ಮಾತಿನಿಂದಲೇ ತಿಳಿಯಬಹುದು. ಎಣಿಕೆ ಇಲ್ಲದ ಕಡೆ ಏರಿದೆ ಅನ್ನುವುದೂ ಕಷ್ಟ, ಇಳಿದಿದೆ ಅನ್ನುವುದೂ ಕಷ್ಟ.

ಅಂಕಿಗಳಲ್ಲಿ ಎರಡು ಜಾತಿ. ಸಂಖ್ಯಾಶಾಸ್ತ್ರದ ಪುಸ್ತಕಗಳು ಒಂದನ್ನು ನಿರಪೇಕ್ಷ, ಇನ್ನೊಂದನ್ನು ಸಾಪೇಕ್ಷ ಎನ್ನುತ್ತವೆ. ನಮ್ಮ ನಿತ್ಯದ ಮಾತಿಗೆ ಎಣಿಕೆ ಮತ್ತು ಹೋಲಿಕೆ ಎಂದರೆ ಸಾಕು. 'ಇಪ್ಪತ್ತು ಮಂದಿ ಸತ್ತರು' ಎಂಬುದು ಎಣಿಕೆ. 'ಅಪಾಯ ಶೇ 100ರಷ್ಟು ಹೆಚ್ಚಿತು' ಎಂಬುದು ಹೋಲಿಕೆ. ಎಣಿಕೆಯ ಹಿಂದೆ ಒಟ್ಟು ಎಷ್ಟು ಎಂಬುದು ಅಡಗಿರುತ್ತದೆ, ಹೋಲಿಕೆಯ ಹಿಂದೆ ಮೊದಲು ಎಷ್ಟಿತ್ತು ಎಂಬುದು. ಅಡಗಿದ್ದನ್ನು ಹೊರಗೆ ತಂದು ಪಕ್ಕದಲ್ಲಿ ಕೂರಿಸದಿದ್ದರೆ ಎರಡೂ ಅರ್ಧ ಸುದ್ದಿಯೇ.

ನಮ್ಮ ಹಳ್ಳಿಗಳ ಹಿರಿಯರು ಇದನ್ನು ಮಾತಿನಲ್ಲೇ ಕಟ್ಟಿಟ್ಟಿದ್ದರು. 'ನೂರಕ್ಕೆ ತೊಂಬತ್ತು ಪಾಲು ಮಳೆ ಬರೋದಿಲ್ಲ', 'ಹತ್ತರಲ್ಲಿ ಎರಡು ಕಾಯಿ ಕೊಳೆತವೆ', 'ರೂಪಾಯಿಗೆ ಹದಿನಾರಾಣೆ ನಿಜ'. ಒಟ್ಟು ಎಷ್ಟು ಎಂಬುದು ಅಂಕಿಯ ಬೆನ್ನಿಗೇ ಅಂಟಿಕೊಂಡಿರುತ್ತಿತ್ತು. ಶೇಕಡಾ ಎಂಬ ಪದಕ್ಕೂ ಮೂಲದಲ್ಲಿ ನೂರು ಎಂದೇ ಅರ್ಥ. ಬಳಸಿ ಬಳಸಿ ಆ ನೂರು ನಮ್ಮ ಕಣ್ಣಿಂದ ಮರೆಯಾಗಿದೆ.

ಹೋಲಿಕೆಯ ಅಂಕಿಯೊಂದು ಎಷ್ಟು ದೊಡ್ಡ ಅನಾಹುತ ಮಾಡಬಲ್ಲದು ಎಂಬುದಕ್ಕೆ ಬ್ರಿಟನ್ನಿನಲ್ಲಿ ನಡೆದದ್ದನ್ನು ವಿವರವಾಗಿಯೇ ಹೇಳಬೇಕು. 1995ರ ಅಕ್ಟೋಬರ್ 18. ಅಲ್ಲಿನ ಔಷಧ ಸುರಕ್ಷತಾ ಸಮಿತಿ ಒಂದು ತುರ್ತು ಎಚ್ಚರಿಕೆ ಹೊರಡಿಸಿತು. ಆಗ ಬಳಕೆಯಲ್ಲಿದ್ದ 'ಮೂರನೇ ತಲೆಮಾರಿನ' ಗರ್ಭನಿರೋಧಕ ಮಾತ್ರೆಗಳು ಹಳೆಯ ಮಾತ್ರೆಗಳಿಗೆ ಹೋಲಿಸಿದರೆ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯವನ್ನು ದುಪ್ಪಟ್ಟು ಮಾಡುತ್ತವೆ ಎಂಬುದು ಅದರ ಸಾರ. ವೈದ್ಯರು, ಔಷಧ ಅಂಗಡಿಯವರು ಸೇರಿ ಲಕ್ಷಾಂತರ ಮಂದಿಗೆ ಪತ್ರ ಹೋಯಿತು. ಪತ್ರ ಎಷ್ಟೋ ವೈದ್ಯರ ಕೈಸೇರುವ ಮೊದಲೇ ಸುದ್ದಿ ಟಿ.ವಿ.ಯಲ್ಲಿತ್ತು. ದುಪ್ಪಟ್ಟು, ಅಂದರೆ ಶೇ 100ರಷ್ಟು ಹೆಚ್ಚಳ.

ಆ ಸಂಜೆ ಮಾತ್ರೆಯ ಪಟ್ಟಿ ಕೈಯಲ್ಲಿ ಹಿಡಿದು ಕೂತ ಹೆಣ್ಣುಮಕ್ಕಳನ್ನು ಒಮ್ಮೆ ನೆನೆಯಿರಿ. ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು. ಅಪಾಯ ದುಪ್ಪಟ್ಟು ಎನ್ನುತ್ತಿದ್ದಾರೆ. ಡಾಕ್ಟರಿಗೆ ಫೋನ್ ಮಾಡಿದರೆ ಅವರಿಗೂ ವಿವರ ಗೊತ್ತಿಲ್ಲ. ಏನು ಮಾಡಬೇಕು? ಅನೇಕರು ಮಾತ್ರೆಯನ್ನು ಅರ್ಧಕ್ಕೇ ನಿಲ್ಲಿಸಿದರು.

ನಿಜವಾದ ಎಣಿಕೆ ಹೀಗಿತ್ತು. ಹಳೆಯ ಮಾತ್ರೆ ತೆಗೆದುಕೊಳ್ಳುವ 7,000 ಹೆಂಗಸರಲ್ಲಿ ವರ್ಷಕ್ಕೆ ಒಬ್ಬರಿಗೆ ಹೆಪ್ಪುಗಟ್ಟುವ ತೊಂದರೆ ಬರುತ್ತಿತ್ತು. ಹೊಸ ಮಾತ್ರೆಯಲ್ಲಿ ಅದು ಇಬ್ಬರಿಗೆ ಬರುತ್ತಿತ್ತು. ಒಂದರಿಂದ ಎರಡಕ್ಕೆ ಏರಿದರೆ ಶೇ 100 ಹೆಚ್ಚಳ, ಇದರಲ್ಲಿ ಸುಳ್ಳಿಲ್ಲ. 7,000 ಜನರಲ್ಲಿ ಒಬ್ಬರು ಹೆಚ್ಚು, ಇದರಲ್ಲೂ ಸುಳ್ಳಿಲ್ಲ. ಹೆಂಗಸರ ಕಿವಿಗೆ ಬಿದ್ದದ್ದು ಮೊದಲನೆಯದು ಮಾತ್ರ.

ಇದರಲ್ಲಿ ಎದೆಗೆ ನಾಟುವ ಸಂಗತಿ ಇನ್ನೊಂದಿದೆ. ಬಸಿರು ಮತ್ತು ಹೆರಿಗೆಯೇ ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಹೆಚ್ಚಿಸುತ್ತವೆ. ಅಂದಿನ ಅಂದಾಜಿನಂತೆ ಹೊಸ ಮಾತ್ರೆ ನುಂಗುವ ಲಕ್ಷ ಹೆಂಗಸರಲ್ಲಿ ಈ ತೊಂದರೆ ಮೂವತ್ತರ ಒಳಗೆ, ಲಕ್ಷ ಗರ್ಭಿಣಿಯರಲ್ಲಿ ಅರವತ್ತರಷ್ಟು. ಸಣ್ಣ ಅಪಾಯಕ್ಕೆ ಹೆದರಿ ಮಾತ್ರೆ ಬಿಟ್ಟವರು ಅದೇ ಕಾಯಿಲೆಯ ಇನ್ನೂ ದೊಡ್ಡ ಅಪಾಯದ ಕಡೆಗೆ ನಡೆದಿದ್ದರು. ಅಲ್ಲಿಯವರೆಗೆ ಕೆಲವು ವರ್ಷಗಳಿಂದ ಇಳಿಯುತ್ತಿದ್ದ ಗರ್ಭಪಾತಗಳ ಸಂಖ್ಯೆ ಮರುವರ್ಷ ಜಿಗಿಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹೆಚ್ಚುವರಿಯಾಗಿ ಸುಮಾರು 13,000 ಗರ್ಭಪಾತಗಳಾದವು ಎಂದು ಅಂದಾಜು. ಅಪಾಯದ ಅಂಕಿಗಳನ್ನು ಜನಸಾಮಾನ್ಯರಿಗೆ ಹೇಗೆ ಹೇಳಬೇಕು ಎಂಬುದನ್ನೇ ಬದುಕಿನ ಕೆಲಸ ಮಾಡಿಕೊಂಡಿರುವ ಜರ್ಮನಿಯ ಮನಃಶಾಸ್ತ್ರಜ್ಞ ಗೆರ್ಡ್ ಗಿಗರೆಂಜರ್ ಈ ಪ್ರಸಂಗವನ್ನು ಮತ್ತೆ ಮತ್ತೆ ಎತ್ತಿ ಹೇಳುತ್ತಾರೆ. ಸಮಿತಿಯ ಅಂಕಿ ತಪ್ಪಾಗಿರಲಿಲ್ಲ. ಅದನ್ನು ಹೇಳಿದ ರೀತಿ ತಪ್ಪಾಗಿತ್ತು. ಆ ತಪ್ಪಿನ ಬೆಲೆ ತೆತ್ತವರು ಹೆಣ್ಣುಮಕ್ಕಳು.

ಹೆದರಿಸುವುದಕ್ಕೆ ಹೋಲಿಕೆಯ ಅಂಕಿ ಒದಗುವಂತೆ ಮಾರುವುದಕ್ಕೂ ಒದಗುತ್ತದೆ. ಅಮೆರಿಕದಲ್ಲಿ ಲಿಪಿಟಾರ್ ಎಂಬ ಕೊಲೆಸ್ಟರಾಲ್ ಮಾತ್ರೆಯ ಜಾಹೀರಾತು ಬರುತ್ತಿತ್ತು. ಹೃದಯಾಘಾತದ ಅಪಾಯ ಶೇ 36ರಷ್ಟು ಕಡಿಮೆ ಎಂದು ದಪ್ಪ ಅಕ್ಷರದಲ್ಲಿ. ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು: ದೊಡ್ಡ ಅಧ್ಯಯನವೊಂದರಲ್ಲಿ ಸಕ್ಕರೆ ಗುಳಿಗೆ ತೆಗೆದುಕೊಂಡವರಲ್ಲಿ ಶೇ 3 ಮಂದಿಗೆ, ಲಿಪಿಟಾರ್ ತೆಗೆದುಕೊಂಡವರಲ್ಲಿ ಶೇ 2 ಮಂದಿಗೆ ಹೃದಯಾಘಾತವಾಯಿತು. ನೂರು ಜನ ವರ್ಷಗಟ್ಟಲೆ ಮಾತ್ರೆ ನುಂಗಿದರೆ ಒಬ್ಬರಿಗೆ ಹೃದಯಾಘಾತ ತಪ್ಪುತ್ತದೆ. ಉಳಿದ ತೊಂಬತ್ತೇಳು ಮಂದಿಗೆ ಮಾತ್ರೆ ಇಲ್ಲದಿದ್ದರೂ ಅದು ಆಗುತ್ತಿರಲಿಲ್ಲ, ಇಬ್ಬರಿಗೆ ಮಾತ್ರೆ ನುಂಗಿದರೂ ಆಗುತ್ತದೆ.

ಇದನ್ನು ಓದಿ ಯಾರೂ ಮಾತ್ರೆ ನಿಲ್ಲಿಸಬಾರದು, ದಯವಿಟ್ಟು. ಅದೇ ಮಾತ್ರೆ ಅಪಾಯವನ್ನು ಮೂರರಲ್ಲಿ ಒಂದು ಪಾಲು ತಗ್ಗಿಸುತ್ತದೆ ಎಂದುಕೊಳ್ಳಿ. ನೂರರಲ್ಲಿ ಮೂರು ಮಂದಿಗೆ ಅಪಾಯವಿದ್ದ ಗುಂಪಿಗೆ ಕೊಟ್ಟರೆ ಒಬ್ಬರು ಉಳಿಯುತ್ತಾರೆ. ಒಮ್ಮೆ ಹೃದಯಾಘಾತವಾಗಿ, ಸಕ್ಕರೆ ಕಾಯಿಲೆಯೂ ಇದ್ದು, ನೂರರಲ್ಲಿ ಮೂವತ್ತು ಮಂದಿಗೆ ಅಪಾಯವಿರುವ ಗುಂಪಿಗೆ ಕೊಟ್ಟರೆ ಹತ್ತು ಮಂದಿ ಉಳಿಯುತ್ತಾರೆ. ಶೇಕಡಾವಾರು ಬದಲಾಗಲಿಲ್ಲ, ಉಳಿದ ಜೀವಗಳು ಹತ್ತುಪಟ್ಟಾದವು. ಆದ್ದರಿಂದಲೇ ನಾನು ಯಾವ ಗುಂಪಿನವನು ಎಂಬ ಪ್ರಶ್ನೆಯನ್ನು ಬಿಟ್ಟು ಮಾತ್ರೆ ಒಳ್ಳೆಯದೋ ಕೆಟ್ಟದ್ದೋ ಎಂದು ವಾಟ್ಸ್‌ಆ್ಯಪ್‌ನಲ್ಲಿ ಚರ್ಚಿಸಿ ಪ್ರಯೋಜನವಿಲ್ಲ.

ಹಾಗಾದರೆ ಎಣಿಕೆಯೇ ಸದಾ ದೊಡ್ಡದು, ಹೋಲಿಕೆ ಬರೀ ಕಣ್ಕಟ್ಟು ಎಂದು ತೀರ್ಮಾನಿಸಿದರೂ ಎಡವುತ್ತೇವೆ. ಕೋವಿಡ್ ಕಾಲದ ಲಸಿಕೆ ವಾದ ಇದಕ್ಕೆ ಒಳ್ಳೆಯ ಸಾಕ್ಷಿ. 2020ರ ಕೊನೆಯಲ್ಲಿ ಫೈಝರ್ ಲಸಿಕೆಯ ಪ್ರಯೋಗದ ಫಲ ಹೊರಬಿತ್ತು. ಲಸಿಕೆ ಪಡೆದ ಸುಮಾರು 18 ಸಾವಿರ ಜನರಲ್ಲಿ 8 ಮಂದಿಗೆ, ಲಸಿಕೆ ಪಡೆಯದ ಅಷ್ಟೇ ಜನರಲ್ಲಿ 162 ಮಂದಿಗೆ ಕೋವಿಡ್ ಬಂದಿತ್ತು. ಲಸಿಕೆ ಶೇ 95ರಷ್ಟು ಪರಿಣಾಮಕಾರಿ ಎಂಬ ಮಾತು ಹುಟ್ಟಿದ್ದು ಇಲ್ಲಿಂದ. ಲಸಿಕೆ ವಿರೋಧಿಗಳು ಇದೇ ಅಂಕಿಗಳನ್ನು ತಿರುಗಿಸಿದರು. ಒಂದು ಕಡೆ ಶೇ 0.9ರಷ್ಟು ಮಂದಿಗೆ ರೋಗ, ಇನ್ನೊಂದು ಕಡೆ ಶೇ 0.04ರಷ್ಟು ಮಂದಿಗೆ, ವ್ಯತ್ಯಾಸ ಶೇ 1ನ್ನೂ ಮುಟ್ಟುವುದಿಲ್ಲ, ಇಷ್ಟಕ್ಕೆ ಸೂಜಿ ಚುಚ್ಚಿಸಿಕೊಳ್ಳಬೇಕೆ ಎಂದು ಕೇಳಿದರು. ಲೆಕ್ಕ ಸರಿಯಾಗಿತ್ತು, ತೀರ್ಮಾನ ಸರಿಯಿರಲಿಲ್ಲ. ಆ ಎಣಿಕೆ ಸರಾಸರಿ ಎರಡು ತಿಂಗಳದ್ದು. ಆ ಎರಡು ತಿಂಗಳಲ್ಲಿ ಬಹುತೇಕರ ಹತ್ತಿರ ವೈರಾಣು ಸುಳಿದಿರಲೇ ಇಲ್ಲ. ಮರುವರ್ಷದ ಎರಡನೇ ಅಲೆಯಂತೆ ರೋಗ ಊರಿಗೆ ಊರೇ ಹರಡಿದಾಗ ಆ ಶೇ 1 ಬೆಳೆದು ಎಷ್ಟೋ ಪಟ್ಟಾಗುತ್ತದೆ. ಲಸಿಕೆಯ ಬಲವನ್ನು ಹೇಳುವುದಕ್ಕೆ ಇಲ್ಲಿ ಹೋಲಿಕೆಯೇ ತಕ್ಕ ಅಳತೆ.

ಎಷ್ಟರಲ್ಲಿ ಎಷ್ಟು ಎಂಬುದರ ಜೊತೆ ಎಷ್ಟು ದಿನದಲ್ಲಿ ಎಂದೂ ಕೇಳಬೇಕು. ನಮ್ಮ ಕಡೆಯ ಕೈಸಾಲದ ವ್ಯವಹಾರ ಬಲ್ಲವರಿಗೆ ಇದನ್ನು ಹೇಳಿಕೊಡಬೇಕಿಲ್ಲ. 'ಮೂರು ರೂಪಾಯಿ ಬಡ್ಡಿ' ಎಂದರೆ ನೂರಕ್ಕೆ ಮೂರು, ಅದೂ ತಿಂಗಳಿಗೆ. ವರ್ಷಕ್ಕೆ ಮೂವತ್ತಾರು. ಬ್ಯಾಂಕಿನವರು ಹನ್ನೆರಡು ಅನ್ನುತ್ತಾರೆ, ಇವರು ಮೂರೇ ಅನ್ನುತ್ತಾರೆ ಎಂದು ಸಹಿ ಹಾಕಿ ಸೋತವರನ್ನು ನಾನು ಕಂಡಿದ್ದೇನೆ.

ನಾನು ಈ ಅಂಕಣಕ್ಕೆ ಕೂತಾಗ ಮೊದಲು ನೆನಪಾದದ್ದು ಹುಲಿಗಳ ಲೆಕ್ಕ. 2018ರ ಗಣತಿಯಲ್ಲಿ ಬಿಹಾರದಲ್ಲಿ 31 ಹುಲಿಗಳಿದ್ದವು, 2022ರಲ್ಲಿ 54 ಆದವು. ಕರ್ನಾಟಕದಲ್ಲಿ 524 ಇದ್ದದ್ದು 563 ಆಯಿತು. ಬಿಹಾರದ ಏರಿಕೆ ಶೇ 74. ನಮ್ಮದು ಶೇ 7ಕ್ಕಿಂತ ಸ್ವಲ್ಪ ಹೆಚ್ಚು. ಹತ್ತುಪಟ್ಟು ಅಂತರ. ಆದರೆ ಕಾಡಿಗೆ ಹೊಸದಾಗಿ ಸೇರಿದ ಹುಲಿಗಳನ್ನು ಎಣಿಸಿದರೆ ಬಿಹಾರದಲ್ಲಿ 23, ಇಲ್ಲಿ 39. ಬಿಹಾರದ ಸಾಧನೆ ಸಣ್ಣದೆಂದು ಹೇಳುತ್ತಿಲ್ಲ. ಮೂವತ್ತೊಂದೇ ಹುಲಿಗಳಿದ್ದ ಕಡೆ ಇಪ್ಪತ್ತಮೂರು ಸೇರುವುದು ಅರಣ್ಯ ಸಿಬ್ಬಂದಿಯ ದೊಡ್ಡ ಗೆಲುವು. ಬಂಡೀಪುರ, ನಾಗರಹೊಳೆಗಳಂತೆ ಮೊದಲೇ ಹುಲಿ ತುಂಬಿರುವ ಕಾಡಿನಲ್ಲಿ ಶೇ 74 ಏರಿಕೆಯನ್ನು ಬಯಸುವುದೂ ತಪ್ಪು, ಅಷ್ಟು ಹುಲಿಗೆ ಜಾಗವೆಲ್ಲಿದೆ? ಸಣ್ಣ ಬುಡಕ್ಕೆ ದೊಡ್ಡ ಶೇಕಡಾ ಸುಲಭ, ದೊಡ್ಡ ಬುಡಕ್ಕೆ ಕಷ್ಟ. ಎಂಟೇ ಮಕ್ಕಳಿರುವ ಸರ್ಕಾರಿ ಪ್ರೌಢಶಾಲೆಯಲ್ಲಿ ಒಂದು ಮಗು ಜ್ವರ ಬಂದು ಎಸ್ಸೆಸ್ಸೆಲ್ಸಿ ನಪಾಸಾದರೆ ಫಲಿತಾಂಶ ಶೇ 87.5ಕ್ಕೆ ಕುಸಿಯುತ್ತದೆ. ಒಂದು ಮಗುವಿನ ಜ್ವರಕ್ಕೆ ಇಡೀ ಶಾಲೆಯ ಮೇಷ್ಟರುಗಳು ನೋಟಿಸಿಗೆ ಉತ್ತರ ಬರೆಯಬೇಕಾದ ಪರಿಸ್ಥಿತಿ ನ್ಯಾಯವಾದುದಲ್ಲ.

ಬುಡ ಬದಲಾದರೆ ಶೇಕಡಾ ಏನು ಮಾಡುತ್ತದೆ ಎಂಬುದನ್ನು ಕೋಲಾರದ ಟೊಮೆಟೊ ಬೆಳೆಗಾರರಷ್ಟು ಚೆನ್ನಾಗಿ ಅನುಭವಿಸಿದವರು ಕಡಿಮೆ. ಅಲ್ಲಿನ ಎಪಿಎಂಸಿಯಲ್ಲಿ ಟೊಮೆಟೊ ಹರಾಜಾಗುವುದು 15 ಕೆ.ಜಿ. ಬಾಕ್ಸ್ ಲೆಕ್ಕದಲ್ಲಿ. 2023ರ ಜುಲೈನಲ್ಲಿ ಒಂದು ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು. ಅಂಥ ಕಾಲ ಬಂದು ಹೋದ ಮೇಲೆ ಬೆಲೆ ಬೀಳುವ ರೀತಿಯನ್ನು ನೋಡಿ. ಬಾಕ್ಸಿಗೆ 1,000 ಇದ್ದದ್ದು ಶೇ 80 ಬಿದ್ದರೆ 200 ರೂಪಾಯಿ. ಮುಂದಿನ ತಿಂಗಳು 'ಟೊಮೆಟೊ ಬೆಲೆ ಶೇ 80 ಏರಿಕೆ' ಎಂದು ಪತ್ರಿಕೆಯಲ್ಲಿ ಬರುತ್ತದೆ. ಪೇಟೆಯಲ್ಲಿ ಕೂತು ಓದಿದವರಿಗೆ ಬಿದ್ದಷ್ಟೇ ಎದ್ದಿತಲ್ಲ ಎನಿಸುತ್ತದೆ. ಆದರೆ 200ಕ್ಕೆ ಶೇ 80 ಸೇರಿಸಿದರೆ 360. ಸಾವಿರಕ್ಕೆ ಮರಳಬೇಕಾದರೆ ಬೆಲೆ ಶೇ 400 ಏರಬೇಕು. ಇಳಿದ ಶೇಕಡಾದ ಬುಡ ಒಂದು, ಏರಿದ ಶೇಕಡಾದ ಬುಡ ಇನ್ನೊಂದು. ಈ ನಡುವೆ ಬಿಡಿಸುವ ಕೂಲಿ, ಲಾರಿ ಬಾಡಿಗೆ, ಮಂಡಿ ಕಮಿಷನ್ ಯಾವುದೂ ಶೇ 80 ಇಳಿದಿರುವುದಿಲ್ಲ. ಬೆಲೆ ಏರಿದೆ ಎಂಬ ಸುದ್ದಿಯ ದಿನವೂ ಹಣ್ಣನ್ನು ರಸ್ತೆ ಬದಿಗೆ ಸುರಿದು ಹೋಗುವ ರೈತನನ್ನು ಅರ್ಥ ಮಾಡಿಕೊಳ್ಳಲು ಬಾಕ್ಸಿನ ರೂಪಾಯಿ ಲೆಕ್ಕವೇ ಬೇಕು.

ಶೇಕಡಾದ ಮೇಲೆ ಶೇಕಡಾ ಬಂದರೆ ತಲೆ ಇನ್ನಷ್ಟು ಗೊಂದಲವಾಗುತ್ತದೆ. ರಿಸರ್ವ್ ಬ್ಯಾಂಕ್ 2022ರ ಮೇ ತಿಂಗಳಿನಿಂದ 2023ರ ಫೆಬ್ರುವರಿಯೊಳಗೆ ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿಯನ್ನು, ಅಂದರೆ ರೆಪೊ ದರವನ್ನು, ಶೇ 4ರಿಂದ ಶೇ 6.5ಕ್ಕೆ ಏರಿಸಿತು. ಇದು ಎರಡೂವರೆ ಅಂಶಗಳ ಏರಿಕೆ, ಬ್ಯಾಂಕಿನವರ ಭಾಷೆಯಲ್ಲಿ 250 ಬೇಸಿಸ್ ಪಾಯಿಂಟ್. ಇದನ್ನೇ 'ಶೇ 62.5 ಏರಿಕೆ' ಎಂದರೂ ಗಣಿತ ಒಪ್ಪುತ್ತದೆ. ಮನೆ ಸಾಲ ಮಾಡಿದವರಿಗೆ ಬೇಕಾದದ್ದು ಈ ಎರಡೂ ಅಲ್ಲ. 20 ಲಕ್ಷ ರೂಪಾಯಿಯನ್ನು 20 ವರ್ಷಕ್ಕೆ ಸಾಲ ಪಡೆದಾಗ ಬಡ್ಡಿ ಶೇ 7 ಇದ್ದರೆ ತಿಂಗಳ ಕಂತು ಸುಮಾರು 15,500. ಬಡ್ಡಿ ಶೇ 9.5 ಆದರೆ ಸುಮಾರು 18,600. ತಿಂಗಳಿಗೆ ಮೂರು ಸಾವಿರ ಹೆಚ್ಚು ಎಂದರೆ ಮನೆಯೊಡತಿಗೆ ತಕ್ಷಣ ಗೊತ್ತಾಗುತ್ತದೆ, ಮಗಳ ಸಂಗೀತದ ಕ್ಲಾಸು ನಿಲ್ಲಿಸಬೇಕೋ, ಅತ್ತೆಯ ಕನ್ನಡಕ ಮುಂದೂಡಬೇಕೋ ಎಂದು.

ಮಳೆಯ ಲೆಕ್ಕದಲ್ಲಿ ಮಾತ್ರ ಹೋಲಿಕೆಯೇ ಹೆಚ್ಚು ನಿಜ ಹೇಳುತ್ತದೆ. ವಾಡಿಕೆಗಿಂತ ಶೇ 20 ಅಥವಾ ಅದಕ್ಕೂ ಹೆಚ್ಚು ಕಡಿಮೆ ಬಿದ್ದರೆ ಹವಾಮಾನ ಇಲಾಖೆ ಅದನ್ನು ಕೊರತೆ ಎಂದು ಕರೆಯುತ್ತದೆ. ಆಗುಂಬೆಯ ವಾರ್ಷಿಕ ವಾಡಿಕೆ ಮಳೆ 7,000 ಮಿ.ಮೀ. ದಾಟುತ್ತದೆ. ಅಲ್ಲಿ ಶೇ 20 ಕೊರತೆ ಎಂದರೆ 1,400 ಮಿ.ಮೀ. ಚಳ್ಳಕೆರೆಗೆ ಇಡೀ ವರ್ಷ ಬೀಳುವುದು 500 ಮಿ.ಮೀ. ಆಸುಪಾಸು, ಶೇ 20 ಎಂದರೆ ನೂರು ಮಿ.ಮೀ. ಎಣಿಕೆ ನೋಡಿದರೆ ಆಗುಂಬೆಯ ನಷ್ಟ ಹದಿನಾಲ್ಕುಪಟ್ಟು. ಆದರೆ ಅಷ್ಟು ಕಡಿಮೆಯಾದ ಮೇಲೂ ಆಗುಂಬೆಯ ಹಳ್ಳಗಳು ಹರಿಯುತ್ತಿರುತ್ತವೆ. ಚಳ್ಳಕೆರೆಯ ಶೇಂಗಾಕ್ಕೆ ಕಾಯಿ ಕಟ್ಟುವ ಹೊತ್ತಿನಲ್ಲಿ ತಪ್ಪಿದ ಆ ನೂರು ಮಿ.ಮೀ. ಒಂದು ಕುಟುಂಬದ ವರ್ಷದ ಅನ್ನ. ಜನವರಿಯಲ್ಲಿ ಬಯಲುಸೀಮೆಗೆ ಒಂದು ಅಡ್ಡಮಳೆ ಬಂದಾಗ 'ವಾಡಿಕೆಗಿಂತ ಶೇ 300 ಹೆಚ್ಚು' ಎಂದು ಬರೆಯುತ್ತಾರಲ್ಲ, ಅದು ಬೇರೆ. ಆ ತಿಂಗಳ ವಾಡಿಕೆಯೇ ಒಂದೆರಡು ಮಿ.ಮೀ. ಇರುವಾಗ ಆ ಅಂಕಿಗೆ ಯಾವ ತೂಕವೂ ಇಲ್ಲ.

ಸರ್ಕಾರಗಳಿಗೆ ಇವೆರಡರಲ್ಲಿ ಚೆಂದ ಕಾಣುವುದನ್ನು ಆರಿಸಿಕೊಳ್ಳುವ ಅವಕಾಶ ಯಾವಾಗಲೂ ಇರುತ್ತದೆ. 1951ರಲ್ಲಿ ದೇಶದ ಸಾಕ್ಷರತೆ ಶೇ 18.33 ಇತ್ತು. 1991ರ ಹೊತ್ತಿಗೆ ಶೇ 52.21 ಆಯಿತು. ನಲವತ್ತು ವರ್ಷ ಪ್ರತಿ ಗಣತಿಯಲ್ಲೂ ಏರಿಕೆ. ಅದೇ ನಲವತ್ತು ವರ್ಷ ದೇಶದಲ್ಲಿ ಓದಲು ಬಾರದವರ ಎಣಿಕೆಯೂ ಏರುತ್ತಲೇ ಹೋಯಿತು, ಏಕೆಂದರೆ ಶಾಲೆಗಳಿಗಿಂತ ಜನಸಂಖ್ಯೆ ಬೇಗ ಬೆಳೆಯುತ್ತಿತ್ತು. ಅನಕ್ಷರಸ್ಥರ ಒಟ್ಟು ಸಂಖ್ಯೆ ಮೊದಲ ಬಾರಿಗೆ ಇಳಿದದ್ದು 2001ರ ಗಣತಿಯಲ್ಲಿ. ಸ್ವಾತಂತ್ರ್ಯ ಬಂದು ಐವತ್ತು ವರ್ಷ ಕಳೆದ ಮೇಲೆ. ರಸ್ತೆ ಅಪಘಾತಗಳದ್ದೂ ಇದೇ ಕಥೆ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಲಕ್ಷ ಜನರಿಗೆ ಹನ್ನೆರಡು ಎಂದರೆ ಸಹಿಸಿಕೊಳ್ಳಬಹುದಾದ ಅಂಕಿಯಂತೆ ಕೇಳಿಸುತ್ತದೆ. ಗಂಟೆಗೆ ಹತ್ತೊಂಬತ್ತು ಮಂದಿ ಎಂದಾಗ ಹಾಗೆ ಕೇಳಿಸುವುದಿಲ್ಲ. ಇಲ್ಲಿ ನಾನು ಎಣಿಕೆಯ ಪರ. ಹೆಲ್ಮೆಟ್ಟು, ತಿರುವಿನ ಫಲಕ, ಹೆದ್ದಾರಿ ಪಕ್ಕದಲ್ಲಿ ಆಂಬುಲೆನ್ಸ್ ಇದ್ದಿದ್ದರೆ ಉಳಿಯುತ್ತಿದ್ದ ಜೀವಗಳನ್ನು ದಶಾಂಶ ಬಿಂದುವಿನ ಹಿಂದೆ ಬಚ್ಚಿಡಬಾರದು.

ಮತ್ತೆ ದೊಡ್ಡಮ್ಮನ ವಿಷಯಕ್ಕೆ ಬರುತ್ತೇನೆ. ಮೈಸೂರಿಗೆ ಹೋಗಿ ಬಂದ ಮೇಲೆ ಅವಳ ಊರಿನ ಡಾಕ್ಟರು ಬಿ.ಪಿ. ಮಾತ್ರೆಯ ಜೊತೆಗೆ ಕೊಲೆಸ್ಟರಾಲ್ ಮಾತ್ರೆಯನ್ನೂ ಬರೆದುಕೊಟ್ಟರು. ಮೊಮ್ಮಗಳು ಮೊಬೈಲ್ ನೋಡಿ 'ಅಜ್ಜಿ, ಇದ್ರಿಂದ ಸಕ್ಕರೆ ಕಾಯಿಲೆ ಜಾಸ್ತಿ ಆಗುತ್ತಂತೆ' ಅಂದಿದ್ದಾಳೆ. ದೊಡ್ಡಮ್ಮ ಮಾತ್ರೆ ಮುಟ್ಟದೆ ನನಗೆ ಫೋನ್ ಮಾಡಿದಳು. ಡಾಕ್ಟರ ಹತ್ತಿರ ಹೋಗಿ ಒಂದೇ ಪ್ರಶ್ನೆ ಕೇಳು ಅಂದೆ. ಅವಳು ಕೇಳಿದಳು: 'ನನ್ನಂಥ ನೂರು ಜನ ಈ ಮಾತ್ರೆ ತಗೊಂಡ್ರೆ ಎಷ್ಟು ಜನಕ್ಕೆ ಒಳ್ಳೇದಾಯ್ತದೆ, ಎಷ್ಟು ಜನಕ್ಕೆ ತೊಂದ್ರೆ ಆಯ್ತದೆ ಡಾಕ್ಟ್ರೇ?'

ಆ ಡಾಕ್ಟರು ಒಳ್ಳೆಯವರು. ರಶ್ ಇದ್ದರೂ ಚೀಟಿಯ ಹಿಂದೆ ಹತ್ತು ಸಾಲು, ಸಾಲಿಗೆ ಹತ್ತು ಚುಕ್ಕಿ ಇಟ್ಟರು. ಅವಳ ವಯಸ್ಸು, ಬಿ.ಪಿ., ರಕ್ತ ಪರೀಕ್ಷೆ ನೋಡಿ ತಮ್ಮ ಅಂದಾಜಿನಲ್ಲಿ ಇಪ್ಪತ್ತು ಚುಕ್ಕಿಗೆ ಸುತ್ತು ಹಾಕಿದರು. 'ಅಮ್ಮಾ, ಮಾತ್ರೆ ಇಲ್ಲದಿದ್ದರೆ ಹತ್ತು ವರ್ಷದಲ್ಲಿ ಇಷ್ಟು ಮಂದಿಗೆ ಹೃದಯದ ಇಲ್ಲವೇ ಲಕ್ವದ ತೊಂದರೆ ಆಗಬಹುದು.' ಆ ಇಪ್ಪತ್ತರಲ್ಲಿ ಐದಕ್ಕೆ ಟಿಕ್ ಮಾರ್ಕ್. 'ದಿನಾ ತೆಗೆದುಕೊಂಡರೆ ಇವರು ಪಾರಾಗುತ್ತಾರೆ.' ಆಮೇಲೆ ಪಕ್ಕದಲ್ಲಿ ಒಂದು ಚುಕ್ಕಿಗೆ ಅಡ್ಡಗೆರೆ. 'ಸಕ್ಕರೆ ಕಾಯಿಲೆ ಸ್ವಲ್ಪ ಮುಂಚೆ ಬರುವುದು ಇಷ್ಟು ಜನಕ್ಕೆ, ಅದನ್ನು ನಾವು ಪರೀಕ್ಷೆ ಮಾಡುತ್ತಾ ನೋಡಿಕೊಳ್ಳೋಣ.' ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ದೊಡ್ಡಮ್ಮನಿಗೆ ಅದು ರಂಗೋಲಿಯ ಚುಕ್ಕಿಯಷ್ಟೇ ಸಲೀಸಾಗಿ ಅರ್ಥವಾಯಿತು. ಅವತ್ತಿನಿಂದ ಒಂದು ರಾತ್ರಿಯೂ ಮಾತ್ರೆ ತಪ್ಪಿಸಿಲ್ಲ. ಆ ಚೀಟಿ ಅಡುಗೆಮನೆಯ ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿದೆ. ಬಂದವರಿಗೆಲ್ಲ ತೋರಿಸುತ್ತಾಳೆ.

ಪತ್ರಿಕೆ, ಟಿ.ವಿ.ಗಳಲ್ಲಿ ಕೆಲಸ ಮಾಡುವ ಗೆಳೆಯರಲ್ಲಿ ನನ್ನದೊಂದು ಕೋರಿಕೆ. 'ದುಪ್ಪಟ್ಟು', 'ಶೇ 300', 'ಮತ್ತೆ ಇಬ್ಬರು ಬಲಿ' ಎಂಬ ಸುದ್ದಿ ಮೇಜಿಗೆ ಬಂದಾಗ ಕಳಿಸಿದವರಿಗೆ ಒಂದು ಫೋನ್ ಮಾಡಿ, ಮೊದಲು ಎಷ್ಟಿತ್ತು, ಒಟ್ಟು ಎಷ್ಟರಲ್ಲಿ, ಎಷ್ಟು ದಿನದಲ್ಲಿ ಎಂದು ಕೇಳಿ. ಉತ್ತರ ಸಿಕ್ಕರೆ ಅದನ್ನೂ ಅದೇ ಗಾತ್ರದ ಅಕ್ಷರದಲ್ಲಿ ಅಚ್ಚು ಹಾಕಿ. ಸಿಗದಿದ್ದರೆ ಆ ಅಂಕಿಯನ್ನು ತಲೆಬರಹಕ್ಕೆ ಏರಿಸಬೇಡಿ. 1995ರ ಆ ಸಂಜೆ ಬ್ರಿಟನ್ನಿನ ಹೆಣ್ಣುಮಕ್ಕಳಿಗೆ ಬೇಕಾಗಿದ್ದ ಮಾತು 'ಏಳು ಸಾವಿರದಲ್ಲಿ ಒಬ್ಬರ ಬದಲು ಇಬ್ಬರು' ಎಂಬುದಷ್ಟೇ. ಐದು ಪದ. ಯಾವ ಪತ್ರಿಕೆಯಲ್ಲೂ ಅದಕ್ಕೆ ಒಂದು ಸಾಲಿಗಿಂತ ಹೆಚ್ಚು ಜಾಗ ಬೇಕಾಗುವುದಿಲ್ಲ. ಆ ಸಾಲಿಗೆ ಜಾಗ ಕೊಡಿ.